ಹೋಮದ ಟೆಸ್ಟಿನ ಅಕ್ಕ

ಅವರಿಗೆ ಮುಖಗಳು ನೆನಪಿರುತ್ತಿರಲಿಲ್ಲ. ಮೊಣಕೈಗಳು ನೆನಪಿರುತ್ತಿದ್ದವು.

ಒಮ್ಮೆ ಕುಶಾಲನಗರದ ಮದುವೆ ಮಂಟಪವೊಂದರಲ್ಲಿ ನಾವಿಬ್ಬರೂ ಊಟದ ಸಾಲಿಗೆ ಕಾಯುತ್ತಾ ನಿಂತಿದ್ದೆವು. ರೇಷ್ಮೆ ಸೀರೆಯ ಹೆಂಗಸೊಬ್ಬರು ನಗುನಗುತ್ತಾ ಬಂದು, "ಅಕ್ಕ, ನನ್ನ ಗುರ್ತ ಸಿಕ್ತಾ?" ಎಂದು ಇವರ ಕೈ ಹಿಡಿದುಕೊಂಡರು. ಸಿಕ್ಕಿರಲಿಲ್ಲ. ಉಪಚಾರಕ್ಕೆ ನಕ್ಕರು. ಆದರೆ ಇವರ ಹೆಬ್ಬೆರಳು ತನ್ನ ಪಾಡಿಗೆ ತಾನು ಆ ಹೆಂಗಸಿನ ಕೈಮೇಲೆ ಏರುತ್ತಾ ಹೋಗಿ, ಮೊಣಕೈಯ ಒಳಮಡಿಕೆಯಲ್ಲಿ ನಿಂತು, ಒಮ್ಮೆ ಒತ್ತಿ ನೋಡಿತು. ಕೂಡಲೇ ಇವರ ಮುಖ ಅರಳಿತು. "ಓ, ನೀವಾ! ಎಡಗೈಲಿ ನರ ಸಿಗೋದೇ ಇಲ್ಲ, ಬಲಗೈಲಿ ಮಾತ್ರ. ಹೋದ ಸಲ ಹಿಮೋಗ್ಲೋಬಿನ್ ಒಂಬತ್ತೂವರೆ ಅಲ್ವಾ?" ಆ ಹೆಂಗಸಿನ ಹಿಂದೆ ನಿಂತಿದ್ದ ಬೀಗರೆಲ್ಲ ತಿರುಗಿ ನೋಡಿದರು.

ಸುಂಟಿಕೊಪ್ಪದ ಮುಖ್ಯರಸ್ತೆಯಲ್ಲಿ, ಡಾಕ್ಟರ ಕ್ಲಿನಿಕ್ಕಿನ ಕೆಳಗೆ, ಎರಡು ಕೋಣೆಯ ರಕ್ತಪರೀಕ್ಷೆಯ ಲ್ಯಾಬ್ ಅವರದು. ನಾನು ಸೋಮವಾರಪೇಟೆಯವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅವರ ಕೈಕೆಳಗೆ ಸೇರಿ ಹನ್ನೊಂದು ವರ್ಷ ಕೆಲಸ ಮಾಡಿದೆ. ಹೋದ ತಿಂಗಳು ಅವರು ಲ್ಯಾಬಿನ ಬೀಗದ ಕೈ ನನಗೆ ಕೊಟ್ಟು, ಬಾಳೆಲೆ ಎಂಬ ಊರಿನಲ್ಲಿರುವ ತಂಗಿಯ ಮನೆ ಸೇರಿದರು. ಬೀಳ್ಕೊಡುಗೆಯ ದಿನ ನನ್ನನ್ನು ಮಾತನಾಡಲು ಎಬ್ಬಿಸಿದರು. ನಾನು ಎರಡು ವಾಕ್ಯ ಹೇಳಿ ಅತ್ತು ಕುಳಿತೆ. ಹೇಳಬೇಕೆಂದುಕೊಂಡಿದ್ದನ್ನು ಈಗ ಬರೆಯುತ್ತಿದ್ದೇನೆ. ಅವರ ಎದುರಿಗೆ ಹೇಳುವ ಧೈರ್ಯವಿರದಿದ್ದ ಕೆಲವು ಸಂಗತಿಗಳೂ ಜೊತೆಗೆ ಬರುತ್ತಿವೆ. ಹೆಸರು ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ, ಊರಿನ ಬಾಯಲ್ಲಿ ಅವರು ಯಾವಾಗಲೂ ‘ಲ್ಯಾಬ್ ಅಕ್ಕ’. ನಡುವೆ ಮೂರು ವರ್ಷ ಮಾತ್ರ ‘ಹೋಮದ ಟೆಸ್ಟಿನ ಅಕ್ಕ’ ಆಗಿದ್ದರು. ಆ ಮೂರು ವರ್ಷದ್ದೇ ಈ ಕಥೆ.

ಅದಕ್ಕೆ ಮೊದಲು ಅವರ ಸ್ವಭಾವ ಸ್ವಲ್ಪ ಹೇಳಬೇಕು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಮೊದಲ ಪ್ರಶ್ನೆ, "ಖಾಲಿ ಹೊಟ್ಟೆಯಾ?" ನಮ್ಮ ಕಡೆ ಜನರಿಗೆ ಕಾಫಿ ಹೊಟ್ಟೆಯ ಲೆಕ್ಕಕ್ಕೆ ಸೇರುವುದಿಲ್ಲ. "ಖಾಲಿ ಹೊಟ್ಟೆ ಅಕ್ಕ, ಬರೀ ಒಂದು ಕಾಫಿ" ಎನ್ನುವರು. "ಅಕ್ಕಿರೊಟ್ಟಿ?" "ಅದು ಅರ್ಧ." ಹೀಗೆ ಒಂದೊಂದೇ ಹೊರಗೆ ಬಂದು, ಕೊನೆಗೆ ಆ ಖಾಲಿ ಹೊಟ್ಟೆಯಲ್ಲಿ ಒಂದು ಪೂರ್ತಿ ನಾಷ್ಟಾ ಇರುತ್ತಿತ್ತು. ಸುಳ್ಳು ಹೇಳಿದವರೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ರಕ್ತದ ಟ್ಯೂಬನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಹೊರತೆಗೆದಾಗ, ಮೇಲೆ ನಿಲ್ಲುವ ತಿಳಿ ಹಳದಿ ನೀರು ಹಾಲಿನಂತೆ ಬೆಳ್ಳಗಿದ್ದರೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವ ಹಾಗೆ, "ನಿನ್ನೆ ಯಾರ ಮನೆಯಲ್ಲಿ ಹಂದಿ ಮಾಂಸ?" ಎನ್ನುವರು. ತಿಂದವರು ತಲೆ ತಗ್ಗಿಸುವರು. ಕರೆಯದೇ ಬಿಟ್ಟ ನೆಂಟರೂ ಅದೇ ಬೆಂಚಿನಲ್ಲಿದ್ದರೆ ಆ ದಿನ ಒಂದು ಸಂಸಾರ ತಾಪತ್ರಯವೂ ಶುರುವಾಗುತ್ತಿತ್ತು.

ಅರೆಭಾಷೆಯ ಮನೆಯವರು ಅವರು. ನಮ್ಮೊಡನೆ ಎಲ್ಲರ ಕನ್ನಡದಲ್ಲೇ ಮಾತು. ಆದರೆ ಹಟ ಏರಿದಾಗ ‘ಇದೆ’ ಎನ್ನುವುದು ‘ಉಟ್ಟು’ ಆಗುತ್ತಿತ್ತು, ‘ಇಲ್ಲ’ ಎನ್ನುವುದು ‘ಇಲ್ಲೆ’ ಆಗುತ್ತಿತ್ತು. ‘ಉಟ್ಟು’ ಕೇಳಿಸಿತೆಂದರೆ ನಾನು ಎದುರು ಮಾತಾಡುತ್ತಿರಲಿಲ್ಲ.

ಎಸ್ಟೇಟೊಂದರ ಜೀಪ್ ಡ್ರೈವರ್ ನಮ್ಮಲ್ಲಿಗೆ ಬಂದಿದ್ದು ಒಂದು ಕಾಫಿ ಕೊಯ್ಲಿನ ಕಾಲದಲ್ಲಿ. ಮೂವತ್ತೆರಡು ವರ್ಷ. ಬೀಡಿ ಸಿಗರೇಟು ಇಲ್ಲ, ಕುಡಿತ ಇಲ್ಲ. ಒಂದು ಬೆಳಿಗ್ಗೆ ಕಾಫಿ ಒಣಗಿಸುವ ಕಣದ ಪಕ್ಕ ಜೀಪು ತಿರುಗಿಸುತ್ತಿದ್ದಾಗ ಬಲಗೈ ಅವನ ಮಾತು ಕೇಳುವುದನ್ನು ನಿಲ್ಲಿಸಿತ್ತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು. ಮಡಿಕೇರಿ, ಅಲ್ಲಿಂದ ಮೈಸೂರು ಎಂದು ತಿರುಗಿ ಮೂರು ವಾರಕ್ಕೆ ಬದುಕಿ ಬಂದ. ನಮ್ಮ ಡಾಕ್ಟರು ಮತ್ತೊಮ್ಮೆ ರಕ್ತ ನೋಡೋಣವೆಂದು ಕೆಳಗೆ ಕಳಿಸಿದರು.

ಸಕ್ಕರೆ ಸರಿ. ಕೊಲೆಸ್ಟರಾಲ್ ಸರಿ. ಕಿಡ್ನಿ, ಲಿವರ್ ಎಲ್ಲ ಸರಿ. ಬೇರೆ ಯಾರಾದರೂ ಆಗಿದ್ದರೆ ರಿಪೋರ್ಟ್ ಕವರಿಗೆ ಹಾಕಿ ಕಳಿಸುತ್ತಿದ್ದರು. ಅಕ್ಕನಿಗೆ ಮಾತ್ರ ಅದು ತಮಗಾದ ಅವಮಾನದಂತೆ ಕಂಡಿತು. "ರಿಪೋರ್ಟ್ ಪೂರ್ತಿ ನಾರ್ಮಲ್, ಮನುಷ್ಯ ಮಾತ್ರ ಅಲ್ಲ. ಹಾಗಾದ್ರೆ ನಾವು ನೋಡ್ಬೇಕಾದ್ದನ್ನ ನೋಡಿಲ್ಲ ಅಂತ ಅರ್ಥ ಅಲ್ವಾ ಮಾರಾಯ್ತಿ?" ಎಂದು ಇಡೀ ದಿನ ನನ್ನನ್ನೇ ಕೇಳಿದರು, ನಾನೇ ಏನೋ ಬಚ್ಚಿಟ್ಟವಳ ಹಾಗೆ.

ಮರುದಿನ ಅವನನ್ನು ಮತ್ತೆ ಕರೆಸಿದರು. ತಾಯಿ ಮತ್ತು ತಂಗಿ ಜೊತೆಗೆ ಬಂದರು. ಕೈಗೆ ರಬ್ಬರ್ ಪಟ್ಟಿ ಕಟ್ಟುತ್ತಾ ಅಕ್ಕ ಅವನ ಉದ್ದ ಬೆರಳುಗಳನ್ನು ನೋಡಿದರು. ತೆಳ್ಳಗೆ, ಎತ್ತರಕ್ಕೆ, ಸ್ವಲ್ಪ ಬಾಗಿದ ಮೈ. ಆಮೇಲೆ ತಂಗಿಯ ಕಡೆ ತಿರುಗಿದರು. ಇಪ್ಪತ್ತನಾಲ್ಕು ವರ್ಷದ, ಟೈಲರಿಂಗ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಅದೇ ಮೈಕಟ್ಟು. ಕಣ್ಣಿಗೆ ದಪ್ಪ ಗಾಜಿನ ಕನ್ನಡಕ.

"ನಿಂಗೆ ಯಾವಾಗಿಂದ ಕನ್ನಡಕ?"

"ಶಾಲೆಗೆ ಹೋಗುವಾಗಿಂದ ಅಕ್ಕ. ಕಣ್ಣೊಳಗಿನ ಮಣಿ ಜಾರಿದೆ ಅಂದಿದ್ರು. ಅಣ್ಣನಿಗೂ ಹಾಗೇ ಆಗಿತ್ತು. ಅವನಿಗೆ ಆಪರೇಷನ್ ಮಾಡಿದ್ರು."

ತಾಯಿ ಮಧ್ಯೆ ಬಾಯಿ ಹಾಕಿ, "ದೊಡ್ಡವನಿಗೂ ಇತ್ತು" ಎಂದರು. ದೊಡ್ಡ ಮಗ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಮೆಣಸಿನ ಬಳ್ಳಿಗೆ ಏಣಿ ಹಾಕುತ್ತಿದ್ದಾಗಲೇ ಎದೆ ಹಿಡಿದುಕೊಂಡು ಬಿದ್ದು ತೀರಿಕೊಂಡಿದ್ದ. ಹಾರ್ಟ್ ಎಂದರಂತೆ. ಇಷ್ಟು ಚಿಕ್ಕ ವಯಸ್ಸಿಗೆ ಯಾಕೆ ಎಂದು ಯಾರೂ ಕೇಳಲಿಲ್ಲವಂತೆ.

ಅಕ್ಕನ ಬಳಿ ಅವರು ಡಿಪ್ಲೊಮಾ ಓದುವಾಗಿನ ಜೀವರಸಾಯನದ ಪುಸ್ತಕವೊಂದಿತ್ತು. ಬೆನ್ನು ಕಿತ್ತುಹೋಗಿ, ಬ್ಯಾಂಡೇಜ್ ಪಟ್ಟಿಯಿಂದ ಅಂಟಿಸಿದ್ದು. ಅದರಲ್ಲಿ ಒಂದು ಪುಟ ಹುಡುಕಿ, ಬೆರಳು ಇಟ್ಟುಕೊಂಡೇ ಮೇಲಿನ ಕ್ಲಿನಿಕ್ಕಿಗೆ ಹತ್ತಿದರು. ನಾನೂ ಹಿಂದೆ ಹೋದೆ. ಡಾಕ್ಟರು ಹಾಸನದ ಕಡೆಯವರು, ವಯಸ್ಸಿನಲ್ಲಿ ಅಕ್ಕನ ಮಗನಂತಿದ್ದರು. ಪುಟ ನೋಡಿ, "ಹೋಮೋಸಿಸ್ಟೀನ್... ಇರಬಹುದು ಅಕ್ಕ. ಆದ್ರೆ ಇದು ಬಹಳ ಅಪರೂಪ" ಎಂದರು.

"ಅಪರೂಪ ಅಂದ್ರೆ ಎಲ್ಲೋ ಒಬ್ಬರಿಗೆ ಇರ್ಲೇಬೇಕಲ್ವಾ ಡಾಕ್ಟ್ರೇ? ಆ ಒಬ್ಬ ಸುಂಟಿಕೊಪ್ಪದಲ್ಲಿ ಇರ್ಬಾರ್ದು ಅಂತ ರೂಲ್ಸ್ ಉಟ್ಟಾ?"

‘ಉಟ್ಟು’ ಬಂದಿತ್ತು. ಡಾಕ್ಟರು ಚೀಟಿ ಬರೆದುಕೊಟ್ಟರು.

ಆ ಪರೀಕ್ಷೆ ನಮ್ಮಲ್ಲಿ ಆಗುವುದಿಲ್ಲ, ಮೈಸೂರಿಗೆ ಕಳಿಸಬೇಕು. ರಕ್ತ ತೆಗೆದ ಕೂಡಲೇ ಮಂಜುಗಡ್ಡೆಯಲ್ಲಿಟ್ಟು, ಬೇಗ ತಿರುಗಿಸಿ, ಮೇಲಿನ ನೀರನ್ನು ಬೇರೆ ಮಾಡಬೇಕು. ತಡವಾದರೆ ರಕ್ತಕಣಗಳಿಂದಲೇ ಆ ವಸ್ತು ಸೋರಿ ಸಂಖ್ಯೆ ಸುಳ್ಳು ಸುಳ್ಳಾಗಿ ಏರುತ್ತದೆ. ಅಣ್ಣ ತಂಗಿ ಇಬ್ಬರ ರಕ್ತವನ್ನೂ ತೆಗೆಯುವ ದಿನ ಕರೆಂಟು ಹೋಗಿತ್ತು. ಫ್ರಿಜ್ಜಿನ ಮಂಜೆಲ್ಲ ನೀರು. ಅಕ್ಕ ರಸ್ತೆ ದಾಟಿ ಮೀನಿನ ಅಂಗಡಿಗೆ ಹೋಗಿ, ಬಂಗುಡೆಯ ಅಡಿಯಿಂದ ಒಂದು ಬುಟ್ಟಿ ಮಂಜು ತಂದರು. ಪುಣ್ಯಕ್ಕೆ ಅಷ್ಟರಲ್ಲಿ ಕರೆಂಟು ಬಂತು. ಬೇರೆ ಮಾಡಿದ ಮಾದರಿಗಳನ್ನು ಅದೇ ಮಂಜಿನ ಜೊತೆ ಡಬ್ಬಿಗೆ ತುಂಬಿ, ಮೈಸೂರು ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, "ಇದು ಎರಡು ಜೀವ. ಕಾಲಡಿ ಇಡ್ಬೇಡಿ, ಮಡಿಲಲ್ಲಿ ಇಟ್ಕೊಳ್ಳಿ" ಎಂದರು. ಕಂಡಕ್ಟರ್ ಟಿಕೆಟ್ ಕೊಡಲು ಏಳುವಾಗಲೆಲ್ಲ ಪಕ್ಕದ ಪ್ರಯಾಣಿಕರ ಮಡಿಲಿಗೆ ದಾಟಿಸುತ್ತಾ ಮೈಸೂರು ಮುಟ್ಟಿಸಿದನಂತೆ. ಮಧ್ಯಾಹ್ನ ಅಲ್ಲಿಂದ ಫೋನ್ ಬಂತು. "ಮೇಡಂ, ನೀವು ಕಳ್ಸಿದ್ದು ರಕ್ತನಾ, ಮೀನಾ?"

ಹದಿನೈದರ ಒಳಗಿರಬೇಕಾದ ಸಂಖ್ಯೆ ಡ್ರೈವರಿಗೆ ಇನ್ನೂರರ ಹತ್ತಿರವಿತ್ತು. ತಂಗಿಯದು ಅದರ ಬೆನ್ನಿಗೇ.

ತಾಯಿಗೆ ಅದನ್ನು ವಿವರಿಸಿದ್ದು ಅಕ್ಕನೇ. ನನಗೂ ಅದು ಅರ್ಥವಾಗಿದ್ದು ಆ ದಿನವೇ. "ನೋಡಿ ಅಮ್ಮ, ನಾವು ತಿನ್ನೋ ಮೊಟ್ಟೆ, ಮೀನು, ಬೇಳೆ ಎಲ್ಲದ್ರಲ್ಲೂ ಅಮೈನೋ ಆಮ್ಲ ಅಂತ ಸಣ್ಣ ಸಣ್ಣ ತುಂಡುಗಳಿರ್ತವೆ. ಅದ್ರಲ್ಲಿ ಒಂದು ಮೈಯೊಳಗೆ ಕೆಲಸ ಮುಗಿಸಿ ಈ ಹೋಮೋಸಿಸ್ಟೀನ್ ಆಗ್ತದೆ. ನಮ್ಮ ಬಸ್‌ಸ್ಟ್ಯಾಂಡಲ್ಲಿ ಇಳಿದ ಜನ ಇದ್ದ ಹಾಗೆ ಅಂತ ತಿಳ್ಕೊಳ್ಳಿ. ಅವ್ರು ಒಂದೋ ಮಡಿಕೇರಿ ಕಡೆ ವಾಪಸ್ ಹೋಗ್ಬೇಕು, ಇಲ್ಲಾ ಕುಶಾಲನಗರದ ಕಡೆ ಮುಂದೆ ಹೋಗ್ಬೇಕು. ವಾಪಸ್ ಹೋಗೋ ಬಸ್ಸಿಗೆ ಸೊಪ್ಪಿನಲ್ಲಿರೋ ಫೋಲಿಕ್ ಆಸಿಡ್ ಮತ್ತೆ ಬಿ ಹನ್ನೆರಡು ಬೇಕು. ಮುಂದೆ ಹೋಗೋ ಬಸ್ಸಿಗೆ ಬಿ ಆರು ಬೇಕು. ನಿಮ್ಮ ಮಕ್ಕಳಿಗೆ ಆ ಮುಂದೆ ಹೋಗೋ ಬಸ್ಸೇ ಹುಟ್ಟಿನಿಂದ ಕೆಟ್ಟಿದೆ. ಜನ ಇಳೀತಾನೇ ಇದ್ದಾರೆ, ಹೋಗೋರಿಲ್ಲ. ನಿಂತು ನಿಂತು ಬೇಜಾರಾಗಿ ಗೋಡೆ ಕೆರೀತಾರೆ, ಬೆಂಚು ಮುರೀತಾರೆ. ರಕ್ತನಾಳದ ಗೋಡೆ ಹಾಗೆ ಹಾಳಾಗಿ ಹೆಪ್ಪು ಕಟ್ಟೋದು."

ತಾಯಿ, "ಬಸ್ಸು ರಿಪೇರಿ ಆಗ್ತದಾ?" ಎಂದು ಕೇಳಿದರು.

"ಪೂರ್ತಿ ಆಗೋದಿಲ್ಲ. ತಳ್ಳಿದ್ರೆ ಓಡ್ಬಹುದು."

ಓಡಿತು. ಮೈಸೂರಿನ ದೊಡ್ಡ ಡಾಕ್ಟರು ಕಾಯಿಲೆಯನ್ನು ಖಚಿತಪಡಿಸಿ, ಹೆಚ್ಚಿನ ಪ್ರಮಾಣದ ಬಿ ಆರು, ಫೋಲಿಕ್ ಆಸಿಡ್, ರಕ್ತ ತೆಳುವಾಗಿಸುವ ಮಾತ್ರೆ ಮತ್ತು ಊಟದ ಕಟ್ಟುನಿಟ್ಟು ಕೊಟ್ಟರು. ಎಲ್ಲರ ಮೈ ಈ ವಿಟಮಿನ್ನಿಗೆ ಒಗ್ಗುವುದಿಲ್ಲವಂತೆ. ಇವರಿಬ್ಬರ ಮೈ ಒಗ್ಗಿತು. ಸಂಖ್ಯೆ ತಿಂಗಳಿಂದ ತಿಂಗಳಿಗೆ ಇಳಿಯಿತು. ಡ್ರೈವರನ ಬಲಗೈ ಮೊದಲಿನಂತಾಗಲಿಲ್ಲ. ಅವನು ಎಸ್ಟೇಟಿನ ಗೋದಾಮಿನ ಕೆಲಸಕ್ಕೆ ಬದಲಾದ. ತಂಗಿಗೆ ಮದುವೆ ನಿಶ್ಚಯವಾಗಿತ್ತು. ವಿಷಯ ಗೊತ್ತಾದರೆ ಸಂಬಂಧ ಮುರಿಯುತ್ತದೆಂದು ತಾಯಿ ಹೆದರಿದರು. ಹುಡುಗಿಯೇ ಹೋಗಿ ಗಂಡಿಗೆ ಎಲ್ಲವನ್ನೂ ಹೇಳಿ, ಜೊತೆಗೆ ಅವನನ್ನು ಲ್ಯಾಬಿಗೂ ಕರೆತಂದಳು. ಅಕ್ಕ ಅವನಿಗೂ ಬಸ್‌ಸ್ಟ್ಯಾಂಡಿನ ಕಥೆ ಹೇಳಿದರು. ಮದುವೆ ನಾಲ್ಕು ತಿಂಗಳು ತಡವಾಗಿ ಆಯಿತು. ಎರಡು ವರ್ಷದ ಮೇಲೆ, ರಕ್ತ ಹೆಪ್ಪುಗಟ್ಟದಂತೆ ದಿನವೂ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಂಡು, ಆ ಹುಡುಗಿ ಒಂದು ಹೆಣ್ಣುಮಗುವನ್ನೂ ಹೆತ್ತಳು.

ಇದು ಅಕ್ಕನ ಗೆಲುವು. ಇದರಲ್ಲಿ ತಮಾಷೆಯಿಲ್ಲ. ತಮಾಷೆ ಆಮೇಲೆ ಶುರುವಾಯಿತು, ಯಾಕೆಂದರೆ ಅಕ್ಕನಿಗೆ ಗೆಲುವು ತಲೆಗೇರಿತು.

ಊರಿನಲ್ಲಿ ಯಾರಿಗೆ ಎದೆ ಉರಿದರೂ, ಮೆಟ್ಟಿಲು ಹತ್ತಿ ಏದುಸಿರು ಬಂದರೂ, "ಹೋಮೋಸಿಸ್ಟೀನ್ ನೋಡಿಸಿ" ಎನ್ನತೊಡಗಿದರು. ಜನರ ನಾಲಿಗೆಗೆ ಅಷ್ಟು ಉದ್ದ ಹೆಸರು ಹೊರಳಲಿಲ್ಲ. ಮೊದಲು ‘ಹೋಮ ಸಿಸ್ಟರ್’ ಆಯಿತು, ಆಮೇಲೆ ಬರೀ ‘ಹೋಮ’. ಗದ್ದೆಹಳ್ಳದ ಕಡೆಯ ಅಜ್ಜಿಯೊಬ್ಬರು ಬೆಳಿಗ್ಗೆಯೇ ಮಡಿಸೀರೆಯುಟ್ಟು, ತೆಂಗಿನಕಾಯಿ ಹಿಡಿದುಕೊಂಡು ಬಂದು ಬೆಂಚಿನ ಮೇಲೆ ಕುಳಿತರು. "ಹೋಮ ಮಾಡಿಸ್ಬೇಕು ಅಂದ್ರು. ಭಟ್ರು ನಿಮ್ಮ ಕಡೆಯವರೇ ಬರ್ತಾರಾ, ನಾವು ಕರ್ಕೊಂಡು ಬರ್ಬೇಕಾ?" ನಾನು ನಗು ತಡೆಯಲಾಗದೆ ಒಳಗೆ ಓಡಿದೆ. ಅಕ್ಕ ನಗಲಿಲ್ಲ. ತೆಂಗಿನಕಾಯಿಯನ್ನು ಪಕ್ಕಕ್ಕಿಟ್ಟು, ತೋಳು ಮಡಿಸಿ, ರಕ್ತ ತೆಗೆದು, ಬಸ್‌ಸ್ಟ್ಯಾಂಡಿನ ಕಥೆ ಶುರು ಮಾಡಿದರು. ಅಜ್ಜಿ ಎಲ್ಲ ಕೇಳಿ, "ಆ ಗೋಡೆ ಕೆರೆಯೋರನ್ನ ಪೊಲೀಸರಿಗೆ ಹೇಳ್ಬಾರ್ದಾ?" ಎಂದರು.

ಸಂಖ್ಯೆ ಹದಿನೆಂಟೋ ಇಪ್ಪತ್ತೋ ಬಂದರೆ ಸೊಪ್ಪು, ಮೊಳಕೆಕಾಳು, ವಿಟಮಿನ್ ಮಾತ್ರೆ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಸಾಮಾನ್ಯವಾಗಿ ಇಳಿದಿರುತ್ತಿತ್ತು. ಇಳಿದ ರಿಪೋರ್ಟನ್ನು ಅಕ್ಕ ಸುಮ್ಮನೆ ಕೊಡುತ್ತಿರಲಿಲ್ಲ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಕೆಂಪು ಪೆನ್ನಿನಲ್ಲಿ ಕೆಳಮುಖದ ಬಾಣ ಎಳೆದು ಕೊಡುತ್ತಿದ್ದರು. ಆ ಬಾಣವನ್ನು ಜನ ಫ್ರೇಮು ಹಾಕಿಸುವುದೊಂದು ಬಾಕಿ.

ಒಂದು ದಿನ ಅವರಿಗೆ ಮೊಬೈಲಿನಲ್ಲಿ ಏನೋ ಓದಿ ಗೊತ್ತಾಯಿತು, ಕಾಫಿ ಹೆಚ್ಚು ಕುಡಿದರೂ ಹೋಮೋಸಿಸ್ಟೀನ್ ಸ್ವಲ್ಪ ಏರುತ್ತದೆಂದು. ಬೆಂಚಿನ ತುಂಬ ಜನರಿದ್ದಾಗ ಅದನ್ನು ಪ್ರಕಟಿಸಿದರು. ಮೂಲೆಯಲ್ಲಿ ಕೂತಿದ್ದ ಬೆಳೆಗಾರರೊಬ್ಬರು ಮೆಲ್ಲನೆ, "ಅಕ್ಕ, ಇದನ್ನ ಬೇಕಾದ್ರೆ ಟೀ ಬೆಳೆಯೋ ಊರಿಗೆ ಹೋಗಿ ಹೇಳಿ. ಇಲ್ಲಿ ಹೇಳ್ಬೇಡಿ" ಎಂದರು. ಅಕ್ಕ ತಾವೇ ಮಾದರಿಯಾಗುತ್ತೇನೆಂದು ದಿನದ ಏಳು ಲೋಟವನ್ನು ಎರಡಕ್ಕೆ ಇಳಿಸಿದರು. ನಾನು ಮೆಚ್ಚಿಕೊಂಡೆ. ಹತ್ತು ದಿನದ ನಂತರ ರಕ್ತ ತಿರುಗಿಸುವ ಯಂತ್ರದ ಹಿಂದೆ ಕಸ ಗುಡಿಸುವಾಗ ಫ್ಲಾಸ್ಕು ಸಿಕ್ಕಿತು. ಬಿಸಿ ಇನ್ನೂ ಆರಿರಲಿಲ್ಲ. "ಅದು ಕಷಾಯ" ಎಂದರು. ಸುಂಟಿಕೊಪ್ಪದಲ್ಲಿ ಹುಟ್ಟಿ ಬೆಳೆದವರು ಕಾಫಿಯ ಪರಿಮಳವನ್ನು ಕಷಾಯವೆಂದು ಇನ್ನೊಬ್ಬರಿಗೆ ನಂಬಿಸಲು ನೋಡಿದ್ದು ಅದೇ ಮೊದಲಿರಬೇಕು.

ಲ್ಯಾಬಿನ ಹಿಂದಿನ ಓಣಿಯಲ್ಲಿ ಒಬ್ಬ ನಿವೃತ್ತ ರೈಟರ್ ಇದ್ದರು. ರೈಟರ್ ಎಂದರೆ ನಮ್ಮಲ್ಲಿ ಕಥೆ ಬರೆಯುವವರಲ್ಲ, ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವರು. ಅರವತ್ತೈದು ದಾಟಿತ್ತು. ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಳ್ಳಿ, ಸಿಗರೇಟು ಬಿಡಿ ಎಂದು ಡಾಕ್ಟರು ವರ್ಷಗಟ್ಟಲೆ ಹೇಳುತ್ತಿದ್ದರು. ಮಾತ್ರೆಯಿಂದ ಕಾಲು ನೋವೆಂದು ರೈಟರ್ ಗೊಣಗುತ್ತಿದ್ದರು, ಸಿಗರೇಟಿನಿಂದ ಯಾವ ನೋವೂ ಇರಲಿಲ್ಲ. ಇವರಿಗೂ ಅಕ್ಕ ಹೋಮದ ಟೆಸ್ಟ್ ಮಾಡಿಸಿದರು. ಇಪ್ಪತ್ತೆರಡು ಬಂತು. ಮೂರು ತಿಂಗಳ ವಿಟಮಿನ್ ಆದ ಮೇಲೆ ಹನ್ನೊಂದು. ಅಕ್ಕ ಎಳೆದ ಬಾಣಗಳಲ್ಲೆಲ್ಲ ಉದ್ದದ ಬಾಣ ಅದು. "ರೈಟರೇ, ಗೋಡೆ ಕೆರೆಯೋರೆಲ್ಲ ಬಸ್ ಹತ್ತಿ ಹೋದ್ರು!" ಎಂದು ಅವರ ಕೈ ಕುಲುಕಿದರು.

ರೈಟರ್ ಆ ಮಾತನ್ನು ಪೂರ್ತಿಯಾಗಿ ನಂಬಿದರು. ಕೊಲೆಸ್ಟರಾಲ್ ಮಾತ್ರೆಯನ್ನು ಯಾರಿಗೂ ಹೇಳದೆ ನಿಲ್ಲಿಸಿದರು. ಸಿಗರೇಟನ್ನು ನಿಲ್ಲಿಸುವ ಕಾರಣವೇ ಈಗ ಇರಲಿಲ್ಲ. ಏಳು ತಿಂಗಳ ಮೇಲೆ, ಒಂದು ಭಾನುವಾರ ಸಂತೆಯಿಂದ ಚೀಲ ಹೊತ್ತು ಬರುವಾಗ ಎದೆಯಲ್ಲಿ ಕಲ್ಲು ಕೂತಂತಾಗಿ ಅಂಗಡಿಯ ಜಗಲಿಯ ಮೇಲೆ ಕುಸಿದರು.

ಬದುಕಿದರು. ಮೈಸೂರಿಗೆ ಒಯ್ದು, ಮುಚ್ಚಿಹೋಗಿದ್ದ ನಾಳಕ್ಕೆ ಸ್ಟೆಂಟ್ ಹಾಕಿದರು. ಆದರೆ ಮರುದಿನ ಸುದ್ದಿ ಕೇಳಿದ ಕೂಡಲೇ ಡಾಕ್ಟರ ಕೋಣೆಗೆ ಓಡಿದ ಅಕ್ಕ ಅಲ್ಲಿ ರೈಟರ ಹೆಂಡತಿಯನ್ನು ನೋಡಿದರು. ಅವರು ಫೈಲು ಕೊಂಡೊಯ್ಯಲು ಬಂದಿದ್ದರು. ಕೈಯಲ್ಲಿ ಕೆಂಪು ಬಾಣದ ರಿಪೋರ್ಟಿತ್ತು. "ಎಲ್ಲ ಇಳಿದಿದೆ ಅಂತ ನೀವೇ ಹೇಳಿದ್ದಲ್ವಾ ಅಕ್ಕ?" ಎಂದರು. ಸಿಟ್ಟಿನ ದನಿಯಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ ಪ್ರಶ್ನೆ.

ಅವರು ಹೋದ ಮೇಲೆ ಡಾಕ್ಟರು ಬಾಗಿಲು ಮುಂದಕ್ಕೆ ಹಾಕಿದರು. ಅಕ್ಕನ ಹಿಂದೆಯೇ ಓಡಿ ಬಂದಿದ್ದ ನಾನೂ ಒಳಗಿದ್ದೆ. "ಅಕ್ಕ, ನಾನು ಮುಂಚೆಯೇ ಹೇಳ್ಬೇಕಿತ್ತು. ಧೈರ್ಯ ಆಗಿರ್ಲಿಲ್ಲ. ಹೋಮೋಸಿಸ್ಟೀನ್ ಸ್ವಲ್ಪ ಜಾಸ್ತಿ ಇರೋರಲ್ಲಿ ಹಾರ್ಟಿನ ಕಾಯಿಲೆ ಜಾಸ್ತಿ ಕಾಣುತ್ತೆ, ಅದು ನಿಜ. ಆದ್ರೆ ವಿಟಮಿನ್ ಕೊಟ್ಟು ಆ ಸಂಖ್ಯೆ ಇಳಿಸಿದ್ರೆ ಹಾರ್ಟ್ ಅಟ್ಯಾಕ್ ಕಡಿಮೆ ಆಗುತ್ತಾ ಅಂತ ಬೇರೆ ಬೇರೆ ದೇಶಗಳಲ್ಲಿ ನೋಡಿದ್ದಾರೆ. ಸಂಖ್ಯೆ ಇಳೀತು. ಅಟ್ಯಾಕ್ ಇಳೀಲಿಲ್ಲ."

"ಮತ್ತೆ ಆ ಡ್ರೈವರ್? ಅವನ ತಂಗಿ?"

"ಅವರದ್ದು ಬೇರೆ. ಅವರಿಗೆ ಅದೇ ಕಾಯಿಲೆ. ಇಳಿಸಿದ್ರೆ ಉಳೀತಾರೆ. ಉಳಿದವರಿಗೆ ಅದು ಜ್ವರ ಬಂದಾಗ ಹಣೆ ಬಿಸಿ ಆದ ಹಾಗೆ ಇರ್ಬಹುದು. ಹಣೆಗೆ ಒದ್ದೆ ಬಟ್ಟೆ ಹಾಕಿದ್ರೆ ಹಣೆ ತಣ್ಣಗಾಗುತ್ತೆ. ಟೈಫಾಯ್ಡ್ ಹೋಗುತ್ತಾ?"

‘ಉಟ್ಟು’ ಬರುತ್ತದೆಂದು ನಾನು ಕಾದೆ. ಅಕ್ಕ ಕೆಳಗಿಳಿದು ಬಂದರು. ಆ ದಿನ ಬಂದವರ ರಕ್ತ ತೆಗೆದರು, ಟ್ಯೂಬಿಗೆ ಹೆಸರು ಬರೆದರು, ಹಂದಿ ಮಾಂಸ ತಿಂದವರನ್ನು ಹಿಡಿಯದೆ ಬಿಟ್ಟರು. ಸಂಜೆ ಶಟರ್ ಎಳೆಯುವಾಗ ನನ್ನನ್ನು ಕೇಳಿದರು. "ನಾವು ಹೋಮ ಮಾಡಿಸಿದೋರ ಹೆಸರೆಲ್ಲ ಸಿಗ್ತದಾ?"

"ಸಿಗ್ತದೆ. ಯಾಕೆ?"

"ಅವರ ಮನೆಗೆ ಹೋಗ್ಬೇಕು."

"ಫೋನ್ ಮಾಡಿದ್ರೆ ಸಾಕಲ್ವಾ ಅಕ್ಕ?"

"ಒಳ್ಳೇ ಸುದ್ದಿ ಮುಖ ನೋಡಿ ಹೇಳಿದ್ದೆ. ಇದನ್ನ ಫೋನಲ್ಲಿ ಹೇಳ್ಲಾ?"

ಮೂರು ಭಾನುವಾರ ತಿರುಗಿದೆವು. ಊರೊಳಗೆ ನಡೆದು, ಎಸ್ಟೇಟಿನ ಆಳುಗಳ ಸಾಲುಮನೆಗಳಿರುವ ಲೈನುಗಳಿಗೆ ಆಟೋದಲ್ಲಿ. ಪ್ರತಿ ಮನೆಯಲ್ಲೂ ಅವರು ಹೇಳುತ್ತಿದ್ದುದು ಒಂದೇ. "ನಾನು ಇಳಿಸಿದ್ದು ಸಂಖ್ಯೆ. ಅದ್ರಿಂದ ಹಾರ್ಟು ಭದ್ರ ಆಯ್ತು ಅಂತ ಹೇಳಿದ್ದು ತಪ್ಪು. ಡಾಕ್ಟ್ರು ಕೊಟ್ಟ ಬೇರೆ ಮಾತ್ರೆ ಏನಾದ್ರೂ ನಿಲ್ಲಿಸಿದ್ರೆ ನಾಳೆಯೇ ಹೋಗಿ ಅವರನ್ನ ಕೇಳಿ."

ತಪ್ಪೊಪ್ಪಿಕೊಳ್ಳುವುದು ಇಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಒಪ್ಪಿಕೊಳ್ಳುವವರು ಸಿದ್ಧರಿದ್ದರೂ ಕೇಳುವವರು ಬಿಡಬೇಕಲ್ಲ! ಲೈನಿನ ಹೆಂಗಸೊಬ್ಬರು, "ಇಲ್ಲ ಅಕ್ಕ, ನಿಮ್ಮ ಮಾತ್ರೆಯಿಂದ ನನ್ನ ಸೊಂಟನೋವೂ ಹೋಯ್ತು. ನೀವು ಸುಮ್ನೆ ಬೇಜಾರು ಮಾಡ್ಕೊಳ್ತೀರಿ" ಎಂದು ಇವರಿಗೇ ಸಮಾಧಾನ ಹೇಳಿ ಕಾಫಿ ಕೊಟ್ಟರು. ಇನ್ನೊಂದು ಮನೆಯ ಯಜಮಾನರು ಇವರ ಮಾತನ್ನು ಮೂರು ಸಲ ಹೇಳಿಸಿಕೊಂಡು, "ಹಾಗಾದ್ರೆ ನಿಮ್ಮ ಸೊಪ್ಪು ತಿನ್ನೋದು ಬಿಡ್ಬಹುದು!" ಎಂದು ಅಡಿಗೆಮನೆಯತ್ತ ಕೂಗಿ ಹೇಳಿದರು. "ಸೊಪ್ಪು ಬಿಡ್ಬೇಡಿ ಅಂತ ಈಗ ಇವರಿಗೆ ಮತ್ತೊಂದು ಭಾಷಣ ಬೇಕು" ಎಂದು ಅಕ್ಕ ನನ್ನ ಕಿವಿಯಲ್ಲಿ ಗೊಣಗಿ, ಅದನ್ನೂ ಮಾಡಿದರು. ತೆಂಗಿನಕಾಯಿಯ ಅಜ್ಜಿ, "ಹೋಮ ಮಾಡ್ಸಿದ್ದಕ್ಕೆ ಫಲ ಇಲ್ಲ ಅಂತ ಹೇಳ್ಬಾರ್ದು ಮಗಳೇ" ಎಂದು ಬಾಯಿ ಮುಚ್ಚಿಸಿದರು. ಆದರೆ ಇಬ್ಬರು ಬಿ.ಪಿ. ಮಾತ್ರೆ ನಿಲ್ಲಿಸಿದ್ದು ನಿಜವಾಗಿಯೂ ಸಿಕ್ಕಿತು. ಅವರನ್ನು ಸೋಮವಾರ ಬೆಳಿಗ್ಗೆ ತಾವೇ ಕೈಹಿಡಿದು ಡಾಕ್ಟರ ಬಳಿಗೆ ಹತ್ತಿಸಿದರು.

ರೈಟರ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದರು. ಹಿಂದಿನ ಓಣಿಯಷ್ಟು ದೂರಕ್ಕೆ ಹೋಗಲು ಮೂರನೆಯ ಭಾನುವಾರದ ಸಂಜೆಯವರೆಗೂ ಆಗಿರಲಿಲ್ಲ. ರೈಟರ್ ಹೊರಗಿನ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು, ಸೊರಗಿದ್ದರು. ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಅಕ್ಕ ಕೂರಲಿಲ್ಲ.

"ರೈಟರೇ, ನನ್ನಿಂದ ತಪ್ಪಾಯ್ತು" ಎಂದರು. ಎರಡು ವಾರ ಎಲ್ಲ ಮನೆಗಳಲ್ಲಿ ಹೇಳಿ ಬಾಯಿಪಾಠವಾಗಿದ್ದ ಮಾತು ಇಲ್ಲಿ ಮರೆತುಹೋಯಿತು.

"ಛೆ, ಬಿಡಿ ಮೇಡಂ. ಮಾತ್ರೆ ನಿಲ್ಸಿದ್ದು ನಾನು. ಸಿಗರೇಟು ಸೇದಿದ್ದು ನಾನು. ತಪ್ಪು ನಂದೇ."

"ಅರ್ಧ ನಂದು."

ಬಾಗಿಲಲ್ಲಿದ್ದ ಹೆಂಡತಿ ಅಲ್ಲಿಂದಲೇ, "ಪಾಲು ಮಾಡ್ಕೊಳ್ಳೋಕೆ ಇದೇನು ತೋಟನಾ? ಇಬ್ಬರದ್ದೂ ಪೂರ್ತಿ ತಪ್ಪು" ಎಂದರು. ಆಮೇಲೆ, "ಕೂತ್ಕೊಳ್ಳಿ ಅಕ್ಕ, ನಿಂತ್ಕೊಂಡೇ ಎಷ್ಟು ಹೊತ್ತು ಅಳ್ತೀರಿ?" ಎಂದು ಒಳಗೆ ಹೋದರು. ಅಕ್ಕ ಅಳುತ್ತಿದ್ದಾರೆಂದು ನನಗೆ ತಿಳಿದದ್ದು ಆಗಲೇ. ನಾನು ಅವರ ಹಿಂದೆ ನಿಂತಿದ್ದೆ.

ಅಲ್ಲಿಂದಾಚೆಗೆ ಕೆಂಪು ಪೆನ್ನು ಲ್ಯಾಬಿನಲ್ಲಿ ಕಾಣಲಿಲ್ಲ. ಹೋಮದ ಟೆಸ್ಟ್ ಡಾಕ್ಟರು ಬರೆದರೆ ಮಾತ್ರ. ಅಕ್ಕ ಮೆತ್ತಗಾದರೆಂದು ಯಾರೂ ತಿಳಿಯಬಾರದು. ಖಾಲಿ ಹೊಟ್ಟೆಯ ತನಿಖೆ ಮೊದಲಿನಂತೆಯೇ ನಡೆಯಿತು. ಆದರೆ ಯಾರಾದರೂ, "ಅಕ್ಕ, ಇದ್ರಿಂದ ನಂಗೆ ಹಾರ್ಟ್ ಅಟ್ಯಾಕ್ ಬರೋದಿಲ್ಲ ಅಲ್ವಾ?" ಎಂದು ಕೇಳಿದರೆ, "ಅದು ನಂಗೆ ಗೊತ್ತಿಲ್ಲೆ" ಎನ್ನುತ್ತಿದ್ದರು. ಹಟದಲ್ಲಿ ಮಾತ್ರ ಬರುತ್ತಿದ್ದ ಆ ‘ಇಲ್ಲೆ’ ಈಗ ಬೇರೆ ದನಿಯಲ್ಲಿ ಬರುತ್ತಿತ್ತು.

ಹೋದ ತಿಂಗಳು, ಅವರ ಕೊನೆಯ ದಿನ. ಸಾಮಾನುಗಳೆಲ್ಲ ಹಿಂದಿನ ದಿನವೇ ಬಾಳೆಲೆಗೆ ಹೋಗಿದ್ದವು. ಅಲ್ಲಿಗೆ ಹೋಗಲು ಅಕ್ಕ ಹಿಡಿಯಬೇಕಿದ್ದ ಗೋಣಿಕೊಪ್ಪದ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಕೈಚೀಲ ಹಿಡಿ, ಚಪ್ಪಲಿ ಹಾಕು ಎಂದು ನಾವು ಏಳುವಷ್ಟರಲ್ಲಿ ರೈಟರ್ ಬಂದರು. ಬೆಳಿಗ್ಗೆ ಕೊಟ್ಟಿದ್ದ ಕೊಲೆಸ್ಟರಾಲ್ ಪರೀಕ್ಷೆಯ ರಿಪೋರ್ಟಿಗಾಗಿ. ಸಿಗರೇಟು ಮುಕ್ಕಾಲು ಬಿಟ್ಟಿದ್ದರು, ಕಾಲು ಭಾಗದ ಬಗ್ಗೆ ಹೆಂಡತಿಯೊಡನೆ ಮಾತುಕತೆ ನಡೆಯುತ್ತಿತ್ತು. ಅಕ್ಕ ಕವರಿನಿಂದ ಹಾಳೆ ತೆಗೆದು ನೋಡಿದರು. "ಚೆನ್ನಾಗಿ ಇಳಿದಿದೆ" ಎಂದರು.

"ಇಳಿದಿದೆ ಅಂದ್ರೆ ನಾನು ಸರಿ ಇದ್ದೀನಿ ಅಂತಾನಾ ಮೇಡಂ?" ರೈಟರ ಕಣ್ಣಲ್ಲಿ ತುಂಟತನವಿತ್ತು.

ಅಕ್ಕ ಹಾಳೆಯನ್ನು ಮೇಜಿನ ಮೇಲೆ ಕವುಚಿಟ್ಟರು. ಒಂದು ಸ್ಟೂಲು ಎಳೆದುಕೊಂಡು ಅವರೆದುರಿಗೆ ಕುಳಿತರು. "ನೀವು ಹೇಗಿದ್ದೀರಿ?" ಎಂದು ಕೇಳಿದರು.

ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅಕ್ಕನ ಬಾಯಿಂದ ಆ ಪ್ರಶ್ನೆಯನ್ನು ನಾನು ಕೇಳಿಸಿಕೊಂಡಿರಲಿಲ್ಲ. ರೈಟರೂ ಕೇಳಿರಲಿಲ್ಲವೇನೋ, ಬೇರೆ ಯಾರನ್ನಾದರೂ ಕೇಳಿದರೇ ಎಂದು ಒಮ್ಮೆ ಹಿಂದೆ ತಿರುಗಿ ನೋಡಿದರು. ಆಮೇಲೆ ಶಾಲು ಸರಿಮಾಡಿಕೊಂಡು ಶುರು ಮಾಡಿದರು. ಎಡ ಮೊಣಕಾಲಿನಿಂದ ಹೊರಟು, ಹೊಟ್ಟೆಯ ಗ್ಯಾಸು, ಬೆಳಗಿನ ಜಾವದ ಕೆಮ್ಮು, ಪಕ್ಕದ ಮನೆಯ ನಾಯಿ, ಆ ನಾಯಿಯಿಂದ ಕೆಡುವ ನಿದ್ದೆ, ನಿದ್ದೆ ಕೆಟ್ಟಾಗ ಬರುವ ಸಾವಿನ ಭಯ. ಆ ಭಯದ ಮಾತು ಬಂದಾಗ ದನಿ ಸ್ವಲ್ಪ ತಗ್ಗಿತು. ಹೊರಗೆ ಗೋಣಿಕೊಪ್ಪದ ಬಸ್ಸು ಬಂದು ನಿಂತು ಹಾರನ್ ಹೊಡೆಯಿತು. ನಾನು ಬಾಗಿಲಲ್ಲಿ ನಿಂತು ಗಡಿಯಾರ ತೋರಿಸಿದೆ. ಅಕ್ಕ ನನ್ನ ಕಡೆ ನೋಡದೆ, ಸುಮ್ಮನಿರು ಎಂಬಂತೆ ಕೈ ಬೀಸಿದರು. ಬಸ್ಸು ಹೊರಟಿತು.

"ಆಮೇಲೆ?" ಎಂದರು ರೈಟರಿಗೆ.